ಸೇತುವೆಯಾಚೆ ಉಳಿದ ದಂಡು

ಕಾಲಾಳುಗಳ ಒಂದು ದಂಡು ಕಟ್ಟಲು ಮೂವತ್ತು ಮೂಟೆ ಧಾನ್ಯ, ಒಂದು ಸರದಿ. ಕುದುರೆ ದಂಡಿಗೆ ಎಂಬತ್ತು ಮೂಟೆ, ಎರಡು ಸರದಿ. ಹೊಳೆಗೆ ಹೊಸ ಸೇತುವೆ ಬೇಕೆಂದರೆ ನೂರಿಪ್ಪತ್ತು ಮೂಟೆ ಸುರಿದು ನಾಲ್ಕು ಸರದಿ ಕಾಯಬೇಕು. ಆಚೆ ದಡದಲ್ಲಿ ಸಿಕ್ಕಿಕೊಂಡ ದಂಡನ್ನು ದೋಣಿ ಕಳಿಸಿ ಕರೆತರಲು ನಲವತ್ತು ಮೂಟೆ. ಇರುವ ಸೇತುವೆಯನ್ನು ಸುಡಲು ಮಾತ್ರ ಖರ್ಚಿಲ್ಲ, ಒಂದು ಗುಂಡಿ ಒತ್ತಿದರೆ ಸಾಕು. ಸುಟ್ಟ ಸೇತುವೆಯ ಆಚೆ ಉಳಿದವರಿಗೂ ಖರ್ಚಿಲ್ಲ. ಸತ್ತವರು ಊಟ ಕೇಳುವುದಿಲ್ಲವಲ್ಲ.

ಈ ದರವೆಲ್ಲ ಆಸ್ಪತ್ರೆಯ ಲಾಂಡ್ರಿಯ ಮೇಸ್ತ್ರಿಗೆ ಬಾಯಿಪಾಠವಾಗಿತ್ತು. ಕಂಪ್ಯೂಟರ್ ಆಟದ ಹುಚ್ಚು ಹತ್ತುವ ವಯಸ್ಸಲ್ಲ ಅವನದು. ತಲೆ ಅರ್ಧ ನರೆತಿತ್ತು, ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಆದರೆ ಹೆಂಡತಿಯ ತಮ್ಮ ಒಂದು ದಿನ ಮನೆಗೆ ಬಂದವನು, "ಭಾವ, ಇದು ಗುಂಡು ಹಾರಿಸೋ ಆಟ ಅಲ್ಲ, ತಲೆ ಓಡಿಸೋ ಆಟ. ನಿಮ್ಮಂಥೋರಿಗೇ ಮಾಡಿದ್ದು," ಎಂದು ಹೊಗಳಿ ಹೊನ್ನಶೂಲಕ್ಕೆ ಏರಿಸಿ ಹೋಗಿದ್ದ. ನಿಜವಾಗಿಯೂ ಅದು ಅವಸರದ ಆಟವಾಗಿರಲಿಲ್ಲ. ನಮ್ಮ ದಂಡುಗಳನ್ನೆಲ್ಲ ನಾವು ನಡೆಸಿ ಮುಗಿಸುವ ತನಕ ಎದುರಾಳಿ ಕೈಕಟ್ಟಿ ಕೂರುತ್ತಾನೆ; ಆಮೇಲೆ ಅವನ ಸರದಿ, ನಾವು ಕೈಕಟ್ಟಬೇಕು. ಬೇಕಾದರೆ ಒಂದು ಸರದಿಗೆ ಒಂದು ಗಂಟೆ ಯೋಚಿಸಬಹುದು.

ಮೇಸ್ತ್ರಿಗೆ ಒಂದು ಗಂಟೆ ಸಿಗುತ್ತಿರಲಿಲ್ಲ, ನಲವತ್ತು ನಿಮಿಷ ಸಿಗುತ್ತಿತ್ತು. ದೊಡ್ಡ ಯಂತ್ರಕ್ಕೆ ಅರವತ್ತು ಕಿಲೋ ಹಾಸುಬಟ್ಟೆ ತುಂಬಿ ಬಾಗಿಲು ಬಿಗಿದರೆ ಒಗೆದು ಹಿಂಡಿ ಮುಗಿಸಲು ಅದಕ್ಕೆ ಬೇಕಾದ ಹೊತ್ತು ಅಷ್ಟು. ಬೆಳಿಗ್ಗೆಯ ಬಟ್ಟೆಯ ಗುಡ್ಡ ಕರಗಿದ ಮೇಲೆ, ಮಧ್ಯಾಹ್ನ ಎರಡು ಸಲ ಯಂತ್ರ ತಿರುಗುವ ಹೊತ್ತಿನಲ್ಲಿ ಅವನು ಗಾಜಿನ ಕೋಣೆಯೊಳಗೆ ಕೂತು ಎರಡು ಸರದಿ ಆಡುತ್ತಿದ್ದ. ಹೊರಗೆ ಆವಿ, ಸೋಪಿನ ವಾಸನೆ, ಒಣಗಿಸುವ ಯಂತ್ರದ ಗುಡುಗು. ಒಳಗೆ ಹಸಿರು ಬಯಲು, ನೀಲಿ ಹೊಳೆ, ಬೆರಳುಗುರಿನಷ್ಟು ಸೈನಿಕರು.

ಆ ಆಟದಲ್ಲಿ ಹತ್ತಾರು ಯುದ್ಧಗಳಿದ್ದವು. ಬಾಮೈದ ಹಚ್ಚಿಕೊಟ್ಟದ್ದು ಒಂದು ಅಂತರ್ಯುದ್ಧ. ರಾಜ ಸತ್ತಿದ್ದಾನೆ, ದೇಶ ಎರಡು ಪಾಲಾಗಿದೆ. ಎರಡು ಕಡೆಯವರದೂ ಒಂದೇ ಅಂಗಿ, ಒಂದೇ ಟೋಪಿ. ತೋಳಿಗೆ ಕಟ್ಟಿದ ಬಟ್ಟೆ ಮಾತ್ರ ಒಬ್ಬರದು ಬಿಳಿ, ಇನ್ನೊಬ್ಬರದು ನೀಲಿ. ಬೇರೆ ಯುದ್ಧಗಳಲ್ಲಿ ಇಲ್ಲದ ಒಂದು ನಿಯಮ ಇದರಲ್ಲಿತ್ತು. ಯಾವ ದಂಡನ್ನಾದರೂ ಎರಡು ಸರದಿ ಹಸಿವಿನಲ್ಲಿ ಕೈಬಿಟ್ಟರೆ ಅದು ತೋಳಿನ ಬಟ್ಟೆ ಬದಲಿಸಿಕೊಂಡು ಎದುರು ಪಕ್ಷಕ್ಕೆ ಹೋಗಿಬಿಡುತ್ತದೆ. ಹಾಗಾಗಿ ಪ್ರತಿ ದಂಡಿಗೂ ಬಲ, ವೇಗಗಳ ಜೊತೆಗೆ ನಿಷ್ಠೆ ಎಂಬ ಇನ್ನೊಂದು ಅಂಕ; ಅದು ಹೆಚ್ಚಿದ್ದಷ್ಟೂ ದಂಡು ಹಸಿವು ತಡೆದು ಪಕ್ಷದಲ್ಲೇ ಉಳಿಯುತ್ತದೆ. ಶುರುವಿನಲ್ಲಿ ಒಟ್ಟು ಇಷ್ಟು ಅಂಕ ಎಂದು ಕೊಟ್ಟುಬಿಡುತ್ತಾರೆ. ಅದನ್ನು ಯಾವ ದಂಡಿಗೆ ಎಷ್ಟು ಹಂಚಬೇಕು, ದಂಡಿಗೆ ಏನು ಹೆಸರಿಡಬೇಕು ಎಂಬುದು ಆಡುವವನ ಇಷ್ಟ.

ಮೇಸ್ತ್ರಿ ತನ್ನ ಲಾಂಡ್ರಿಯವರ ಹೆಸರನ್ನೇ ಇಟ್ಟ. ಹೊಸ ಹೆಸರು ಹುಡುಕುವ ಸೋಮಾರಿತನ ಅನ್ನಿ, ಪ್ರೀತಿ ಅನ್ನಿ, ಎರಡೂ ಸ್ವಲ್ಪ ಸ್ವಲ್ಪ ಇತ್ತು. ವಾರ್ಡುಗಳಿಂದ ಬಟ್ಟೆಯ ತಳ್ಳುಗಾಡಿ ತರುವವನನ್ನು ಎಲ್ಲರೂ ಗಾಲಿ ಎನ್ನುತ್ತಿದ್ದರು. ಅವನು ಕುದುರೆ ದಂಡಾದ, ವೇಗ ಒಂಬತ್ತು. ಇಸ್ತ್ರಿ ಯಂತ್ರದ ಮುಖ್ಯಸ್ಥೆ ಇಸ್ತ್ರಿ ಅಕ್ಕನಿಗೆ ಬಲ ಒಂಬತ್ತು, ನಿಷ್ಠೆ ನಾಲ್ಕು. ಅಂಕ ತಾನೇ ಹಂಚಿದ್ದೆಂದು ಮೇಸ್ತ್ರಿ ಯಾರಿಗೂ ಹೇಳಲಿಲ್ಲ, ಆಟವೇ ಕೊಟ್ಟಿತು ಎಂದು ನಕ್ಕುಬಿಟ್ಟ. ಜನ ನಂಬಿದರು, ಖುಷಿಪಟ್ಟರು. ಚಹಾದ ಹೊತ್ತಿಗೆ ಗಾಜಿಗೆ ಮೂಗು ಒತ್ತಿ, ಇವತ್ತು ನನ್ನ ದಂಡು ಎಲ್ಲಿ, ಊಟ ಆಯಿತಾ, ಸಂಬಳ ಏರಿಸಿದಿರಾ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಒಂದು ಸಲ ಗಾಲಿಯ ದಂಡು ಗುಡ್ಡದ ಮೇಲೆ ಸೋತು ಓಡಿಬಂದಾಗ ಇಡೀ ದಿನ ಅವನನ್ನು ಯಾರೂ ನೆಟ್ಟಗೆ ನಿಲ್ಲಲು ಬಿಡಲಿಲ್ಲ.

ಕೊನೆಯ ದಂಡು ಚಿಮಟಣ್ಣನದು.

ಚಿಮಟಣ್ಣ ಕೂರುತ್ತಿದ್ದದ್ದು ವಿಂಗಡಣೆಯ ಮೇಜಿನಲ್ಲಿ. ವಾರ್ಡಿನಿಂದ ಬಂದ ಕೊಳೆಬಟ್ಟೆ ಯಂತ್ರಕ್ಕೆ ಹೋಗುವ ಮೊದಲು ಅವನ ಕೈಕೆಳಗೆ ಹಾಯಬೇಕು. ಹಾಸುಬಟ್ಟೆಯ ಮಡಿಕೆಯಲ್ಲಿ ಏನೇನು ಬರುತ್ತದೆಂದು ಹೊರಗಿನವರಿಗೆ ಗೊತ್ತಿಲ್ಲ: ಕತ್ತರಿ, ಸೂಜಿ, ಇಕ್ಕಳ, ಔಷಧದ ಗಾಜಿನ ಬುಡ್ಡಿ, ಯಾರದೋ ಕನ್ನಡಕ, ಯಾರದೋ ಹಲ್ಲಿನ ಸೆಟ್ಟು. ಸಿಕ್ಕ ಚಿಮಟಗಳನ್ನು ಸಾಲಾಗಿ ಜೋಡಿಸಿಡುತ್ತಿದ್ದುದರಿಂದ ಆ ಹೆಸರು. ಹಲ್ಲಿನ ಸೆಟ್ಟುಗಳಿಗೆಂದೇ ಒಂದು ಡಬ್ಬಿ ಇಟ್ಟು, ಅದರ ಮೇಲೆ "ನಗುವವರು ಬಂದು ತೆಗೆದುಕೊಂಡು ಹೋಗಿ" ಎಂದು ಬರೆದಿದ್ದ.

ಇಪ್ಪತ್ತಾರು ವರ್ಷದ ಹಿಂದೆ ಮೇಸ್ತ್ರಿ ಇಲ್ಲಿಗೆ ಕೆಲಸಕ್ಕೆ ಸೇರಿದಾಗ ನಿಂತದ್ದು ಇದೇ ಮೇಜಿನ ಮುಂದೆ. ಮೊದಲ ದಿನ ಹುಮ್ಮಸ್ಸಿನಲ್ಲಿ ಬಟ್ಟೆಯ ರಾಶಿಗೆ ಕೈ ತೂರಿಸಿದ್ದ. ಚಿಮಟಣ್ಣ ಮಣಿಕಟ್ಟು ಹಿಡಿದು ನಿಲ್ಲಿಸಿ, ಬಟ್ಟೆಯನ್ನು ಮೆಲ್ಲಗೆ ಬಿಡಿಸಿ ತೋರಿಸಿದ. ಬೆರಳಿನಿಂದ ಎರಡಂಗುಲ ದೂರದಲ್ಲಿ ಒಂದು ಉದ್ದದ ಸೂಜಿ, ರಕ್ತ ಅಂಟಿದ್ದು, ಮೊನೆ ಮೇಲಾಗಿ ಕಾಯುತ್ತಿತ್ತು. "ಬೆರಳು ಆಮೇಲೆ, ಅಂಗೈ ಮೊದ್ಲು ತಮ್ಮಾ. ಅಂಗೈ ಚಪ್ಪಟೆ ಇಡು, ಬಟ್ಟೇನೇ ಹೇಳತ್ತೆ," ಎಂದಿದ್ದ. ತಮ್ಮಾ ಎಂದು ಕರೆದದ್ದು ಅಲ್ಲಿಂದ ಶುರು. ಶಿಷ್ಯ ಮೇಸ್ತ್ರಿಯಾಗಿ ಗಾಜಿನ ಕೋಣೆ ಸೇರಿದ ಮೇಲೂ ಅದು ಬದಲಾಗಲಿಲ್ಲ. ಚಿಮಟಣ್ಣನಿಗೆ ಮೇಲೆ ಹೋಗುವ ಆಸೆಯಿರಲಿಲ್ಲ. ಏಳು ಗಂಟೆಗೆ ಎಲ್ಲರಿಗಿಂತ ಮೊದಲು ಬಂದು ದೀಪ ಹಾಕುವುದು ಅವನಿಗೆ ಸಾಕಾಗಿತ್ತು.

ಅವನ ದಂಡಿಗೆ ಮೇಸ್ತ್ರಿ ಹಂಚಿದ್ದು ಬಲ ಮೂರು, ವೇಗ ಎರಡು, ನಿಷ್ಠೆ ಹತ್ತು. ನಿಷ್ಠೆಗೆ ಹತ್ತಕ್ಕಿಂತ ಹೆಚ್ಚು ಕೊಡಲು ಬರುತ್ತಿರಲಿಲ್ಲ. ಅದನ್ನು ಕೊಟ್ಟಾಗ ಮೇಸ್ತ್ರಿಗೆ ಗುರುವಿಗೆ ಕೈಮುಗಿದಷ್ಟು ಸಮಾಧಾನವಾಗಿತ್ತು.

ಆ ತಿಂಗಳ ಮೊದಲ ವಾರ ಆಡಳಿತಾಧಿಕಾರಿ ಮೇಡಂ ಮೇಸ್ತ್ರಿಯನ್ನು ಕರೆಸಿ ಕೂರಿಸಿ ಮಾತಾಡಿದ್ದರು. ಒಳ್ಳೆಯ ಹೆಂಗಸು, ಸುತ್ತುಬಳಸಿ ಮಾತಾಡುವವರಲ್ಲ. ವಿಂಗಡಣೆಗೆ ಹೊಸ ಯಂತ್ರ ಬರುತ್ತಿದೆ, ಲೋಹ ಸಿಕ್ಕರೆ ತಾನೇ ಕೂಗಿಕೊಳ್ಳುತ್ತದೆ. ಆ ಮೇಜಿಗೆ ಇಬ್ಬರು ಬೇಕಾಗಿಲ್ಲ, ಒಬ್ಬರು ಸಾಕು. ಚಿಮಟಣ್ಣ, ಇಲ್ಲವೇ ಎರಡು ವರ್ಷದ ಹಿಂದೆ ಸೇರಿದ ಹೊಸಬ. ಇಬ್ಬರಲ್ಲಿ ಒಬ್ಬರ ಹೆಸರನ್ನು ತಿಂಗಳ ಕೊನೆಯೊಳಗೆ ಕೊಡಬೇಕು. ಆಮೇಲೆ ಅವರೇ ಒಂದು ದಾರಿಯನ್ನೂ ತೋರಿಸಿದ್ದರು. "ವಾರ್ಡಿಗೆ ಬಟ್ಟೆ ಕೊಡೋ ಕೌಂಟರಲ್ಲಿ ಅರ್ಧ ದಿನದ ಕೆಲಸ ಖಾಲಿ ಇದೆ. ಹೋಗೋರನ್ನ ಅಲ್ಲಿ ಹಾಕ್ಬೇಕು ಅನ್ಸಿದ್ರೆ ಯಾಕೆ ಅಂತ ಒಂದು ಪುಟ ಬರ್ಕೊಂಡು ಬನ್ನಿ. ಮೇಲಿನವರ ಹತ್ರ ನಾನು ಮಾತಾಡ್ತೀನಿ."

ಒಂದು ಪುಟ. ಮೇಸ್ತ್ರಿ ಬರೆಯುತ್ತೇನೆಂದು ತಲೆಯಾಡಿಸಿ ಬಂದ. ಮಾರನೇ ದಿನ ಬರೆಯಲಿಲ್ಲ. ಆ ವಾರ ಬರೆಯಲಿಲ್ಲ. ಪುಟ ಬರೆದರೆ ಮೇಲಿನವರು ಪ್ರಶ್ನೆ ಕೇಳುತ್ತಾರೆ: ಗಂಟೆಗೆ ಎಷ್ಟು ಕಿಲೋ ವಿಂಗಡಿಸುತ್ತಾನೆ, ಇವನನ್ನೇ ಯಾಕೆ ಉಳಿಸಿಕೊಳ್ಳಬೇಕು, ನಿಮಗೆ ಸಂಬಂಧವೇ? ಇಷ್ಟು ವರ್ಷ ಏನನ್ನೂ ಕೇಳದ ಮೇಸ್ತ್ರಿ ಎಂದು ಹೆಸರು ಗಳಿಸಿದವನಿಗೆ ಅದೊಂದು ಗಂಟಲ ಮುಳ್ಳು. ಹೊಸಬನ ಹೆಸರು ಕೊಡೋಣವೆಂದರೆ ಅವನು ಚುರುಕು, ಎರಡು ಪುಟ್ಟ ಮಕ್ಕಳಿದ್ದಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಕಾದ. ಹೀಗೆ ಕಾಯುವವನ ಕೈಯಲ್ಲಿ ಕೊನೆಗೆ ಕೋಲು ಉಳಿಯುತ್ತದೆ, ಅಷ್ಟೇ.

ಸುದ್ದಿ ಹೇಗೋ ಕೆಳಗೆ ಇಳಿದಿತ್ತು. ವಿಂಗಡಣೆಯ ಮೇಜಿನಿಂದ ಒಬ್ಬರು ಹೋಗುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಮೇಸ್ತ್ರಿಯನ್ನು ಕೇಳಲಿಲ್ಲ. ಚಿಮಟಣ್ಣ ಅಂತೂ ಕೇಳಲೇ ಇಲ್ಲ.

ಆಟದಲ್ಲೂ ಅದೇ ಹೊತ್ತಿಗೆ ಗಂಟು ಬಿದ್ದಿತ್ತು. ನೀಲಿ ಬಟ್ಟೆಯವರು ದೊಡ್ಡ ಸೈನ್ಯ ಕಟ್ಟಿಕೊಂಡು ಹೊಳೆ ದಾಟಲು ಬರುತ್ತಿದ್ದರು. ಮೇಸ್ತ್ರಿ ಮೂರು ದಿನ ಯೋಚಿಸಿ ಉಪಾಯ ಹೂಡಿದ. ಒಂದು ದಂಡನ್ನು ಸೇತುವೆಯ ಆಚೆ ನಿಲ್ಲಿಸುವುದು. ಸೈನ್ಯವೆಲ್ಲ ಅದರ ಮೇಲೆ ಮುಗಿಬೀಳುತ್ತದೆ. ಆಗ ಹಿಂದಿನಿಂದ ಸೇತುವೆ ಸುಟ್ಟುಬಿಟ್ಟರೆ ನೀಲಿಯವರು ಆ ದಡದಲ್ಲೇ ಉಳಿಯುತ್ತಾರೆ; ಗಾಲಿಯ ಕುದುರೆಗಳು ಉತ್ತರದ ಗುಡ್ಡ ಸುತ್ತಿ ಬಂದು ಬರಿದಾದ ರಾಜಧಾನಿ ಹಿಡಿಯುತ್ತವೆ. ತೊಡಕು ಒಂದೇ. ಕೈಬಿಟ್ಟ ದಂಡು ಎರಡೇ ಸರದಿಯಲ್ಲಿ ಬಟ್ಟೆ ಬದಲಿಸಿ ನೀಲಿಯಾಗಿಬಿಟ್ಟರೆ ಉಪಾಯವೆಲ್ಲ ಬಯಲು. ಎಷ್ಟು ಹಸಿದರೂ, ಎಷ್ಟು ಹೊಡೆತ ತಿಂದರೂ ಪಕ್ಷ ಬಿಡದ ದಂಡು ಬೇಕು. ಅಂಥದ್ದು ಅವನ ಹತ್ತಿರ ಒಂದೇ ಇತ್ತು.

ಮೇಸ್ತ್ರಿಗೆ ಏನನ್ನೇ ಆಗಲಿ ಕೆಲಸದ ಪಟ್ಟಿಯ ಹಾಳೆಯಲ್ಲಿ ಬರೆಯದಿದ್ದರೆ ತಲೆಗೆ ಹತ್ತುತ್ತಿರಲಿಲ್ಲ. ಲಾಂಡ್ರಿಯಲ್ಲಿ ವಾರವಾರವೂ ಯಾರು, ಎಲ್ಲಿ, ಏನು ಕೆಲಸ, ಷರಾ ಎಂದು ನಾಲ್ಕು ಕಾಲಂ ಗೆರೆ ಎಳೆದ ಹಾಳೆ ತುಂಬಿ ತುಂಬಿ ಆದ ಚಾಳಿ. ಹಿಂದೊಮ್ಮೆ ಮನೆ ಬದಲಿಸುವಾಗಲೂ ಅದೇ ಹಾಳೆಯಲ್ಲಿ, ಅತ್ತೆ, ನಡುಮನೆ, ಕುರ್ಚಿಯಲ್ಲಿ ಕೂರುವುದು, ಎತ್ತಲು ಏನೂ ಕೊಡಬಾರದು ಎಂದು ಬರೆದು, ಅದು ಅತ್ತೆಯ ಕೈಗೆ ಸಿಕ್ಕಿ, ಒಂದು ತಿಂಗಳು ಅವರು ಅಳಿಯನ ಜೊತೆ ಮಾತು ಬಿಟ್ಟಿದ್ದರು. ಅದರಿಂದಲೂ ಬುದ್ಧಿ ಬಂದಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಮುಂದಿನ ವಾರದ ಕೆಲಸದ ಪಟ್ಟಿ ಬರೆದ. ಇನ್ನೊಂದು ಹಾಳೆಯಲ್ಲಿ ಯುದ್ಧದ ಪಟ್ಟಿ ಬರೆದ. ಎರಡನ್ನೂ ಒಂದರ ಮೇಲೊಂದು ಇಟ್ಟು, ಮೇಲೆ ಭಾರಕ್ಕೆ ಬೀಗ ಇಟ್ಟು ಮನೆಗೆ ಹೋದ.

ಪಟ್ಟಿಯನ್ನು ಬೋರ್ಡಿಗೆ ಹಾಕುವುದು ಇಸ್ತ್ರಿ ಅಕ್ಕನ ಕೆಲಸ. ಕೊನೆಗೆ ಹೊರಡುವವಳು ಅವಳೇ. ಕನ್ನಡಕ ಆಗಲೇ ಚೀಲ ಸೇರಿತ್ತು. ಮೇಲಿದ್ದ ಹಾಳೆ ತೆಗೆದಳು, ಗೆರೆ ಕಂಡಿತು, ಹೆಸರು ಕಂಡವು, ನಾಲ್ಕು ಮೂಲೆಗೆ ನಾಲ್ಕು ಪಿನ್ನು ಚುಚ್ಚಿ ಹೊರಟಳು.

ಶನಿವಾರ ಎಂಟಕ್ಕೆ ಮೇಸ್ತ್ರಿ ಬಂದಾಗ ಬೋರ್ಡಿನ ಮುಂದೆ ಏಳೆಂಟು ಜನ. ನಗು ಕೇಳಿಸಿತು. ಗಾಲಿ ತನ್ನ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದ: ಉತ್ತರದ ಗುಡ್ಡ, ಸುತ್ತಿ ಬರುವುದು, ವೇಗ ಇದೆ, ಬುದ್ಧಿ ಕಡಿಮೆ, ಹೇಳಿದ್ದು ಮಾಡುತ್ತಾನೆ. ಮೇಸ್ತ್ರಿಯ ಹೆಜ್ಜೆ ಕೇಳಿ ನಗು ನಿಂತಿತು. ನಿಂತದ್ದು ಅವನನ್ನು ಕಂಡು ಹೆದರಿ ಅಲ್ಲ ಎಂಬುದು ಅವನಿಗೆ ಗೊತ್ತಾದದ್ದು ಹತ್ತಿರ ಹೋಗಿ ಕೆಳಗಿನ ಸಾಲಿಗೆ ಕಣ್ಣು ಇಳಿದ ಮೇಲೆ. ಎಲ್ಲರೂ ಅಲ್ಲಿಯವರೆಗೆ ಓದಿ ಮುಗಿಸಿದ್ದರು. ಅವನದೇ ದುಂಡು ಅಕ್ಷರ.

ಚಿಮಟ. ಸೇತುವೆಯ ಆಚೆ. ಸಾಯುವ ತನಕ ಹಿಡಿದು ನಿಲ್ಲುವುದು. ಕೈಬಿಟ್ಟರೂ ಪಕ್ಷ ಬಿಡಲ್ಲ. ಹೋದರೂ ನಷ್ಟವಿಲ್ಲ.

ಮೇಸ್ತ್ರಿ ಹಾಳೆಯನ್ನು ಕಿತ್ತ. ಪಿನ್ನಿನ ಕೆಳಗೆ ನಾಲ್ಕು ಮೂಲೆ ಹಾಗೇ ಉಳಿದವು. "ಆಟ ಇದು. ಆಟಕ್ಕೆ ಬರ್ಕೊಂಡಿದ್ದು," ಎಂದ. ಏನಿದು ಎಂದು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಇಸ್ತ್ರಿ ಅಕ್ಕ ಕೈ ಒರೆಸಿಕೊಳ್ಳುತ್ತ ಮುಂದೆ ಬಂದಳು. ಅವಳ ಸಾಲಿನಲ್ಲಿ ಹತ್ತಿರ ಇಟ್ಟುಕೊಳ್ಳಬೇಕು, ದೂರ ಬಿಟ್ಟರೆ ತಿರುಗಿ ಬೀಳುತ್ತಾಳೆ ಎಂದಿತ್ತು. ಬೇರೆ ದಿನವಾಗಿದ್ದರೆ ಅದನ್ನು ಹಿಡಿದು ಅವಳು ಲಾಂಡ್ರಿಯನ್ನೇ ಕುಣಿಸುತ್ತಿದ್ದಳು.

"ಓದ್ದೆ ಹಾಕ್ಬಿಟ್ಟೆ ಮೇಸ್ತ್ರಿ, ತಪ್ಪು ನಂದು," ಎಂದಳು. "ಬರ್ದಿದ್ದು ಮಾತ್ರ ನೀನೇ."

ಅಷ್ಟು ಹೇಳಿ ಇಸ್ತ್ರಿ ಯಂತ್ರದ ಕಡೆ ಹೋದಳು. ಉಳಿದವರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಜಾಗಕ್ಕೆ ಸರಿದರು. ವಿಂಗಡಣೆಯ ಮೇಜಿನಲ್ಲಿ ಚಿಮಟಣ್ಣ ಬೆನ್ನು ಹಾಕಿ ಕೂತಿದ್ದ, ಅಂಗೈ ಬಟ್ಟೆಯ ಮೇಲೆ ಚಪ್ಪಟೆ. ಅವನು ಅಂಗಿ ತೂಗುಹಾಕುವ ಮೊಳೆ ಬೋರ್ಡಿನ ಪಕ್ಕದಲ್ಲೇ ಇತ್ತು. ಏಳಕ್ಕೆ ಬಂದು ದೀಪ ಹಾಕಿದವನು ಎಲ್ಲರಿಗಿಂತ ಮೊದಲು ಅದನ್ನು ಓದಿದ್ದಾನೆ. ಒಂದು ಗಂಟೆ ಕಾಲ ಬಂದವರೆಲ್ಲ ಓದುವುದನ್ನು ಕೇಳಿಸಿಕೊಂಡಿದ್ದಾನೆ. ಅದನ್ನು ತೆಗೆದಿಡಬಹುದಿತ್ತು, ತೆಗೆದಿಲ್ಲ.

ಮಧ್ಯಾಹ್ನದ ತನಕ ಮೇಸ್ತ್ರಿ ಗಾಜಿನ ಕೋಣೆಯಿಂದ ಹೊರಗೆ ಬರಲಿಲ್ಲ. ಗಾಜಿನ ಕೋಣೆಯಲ್ಲಿ ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ ಎನ್ನುವುದು ಅವತ್ತು ತಿಳಿಯಿತು. ಗಾಲಿ ತಳ್ಳುಗಾಡಿ ನೂಕಿಕೊಂಡು ನಾಲ್ಕು ಸಲ ಆಚೀಚೆ ಹೋದ. ಯಾವತ್ತೂ ಗಾಜಿಗೆ ಬಡಿದು ಹೋಗುವವನು ಅವತ್ತು ಬಡಿಯಲಿಲ್ಲ. ಮೇಸ್ತ್ರಿ ತನಗೆ ತಾನೇ ಸಮಜಾಯಿಷಿ ಹೇಳಿಕೊಂಡ. ಆಟದ ಚಿಮಟ ಬೇರೆ, ಮನುಷ್ಯ ಚಿಮಟಣ್ಣ ಬೇರೆ. ಮೂರು, ಎರಡು, ಹತ್ತು ಎಂದು ಅಂಕ ಹಂಚಿದ ಕೈ ಯಾವುದು ಎಂಬಲ್ಲಿಗೆ ಬಂದಾಗ ಸಮಜಾಯಿಷಿ ನಿಂತುಹೋಗುತ್ತಿತ್ತು. ಒಬ್ಬ ಮನುಷ್ಯನ ಬಗ್ಗೆ ತಾನು ಒಳಗೊಳಗೆ ಏನು ತೂಕ ಹಾಕಿದ್ದನೋ ಅದನ್ನೇ ಬರೆದಿದ್ದ. ಕೆಟ್ಟ ಮನಸ್ಸಿನಿಂದ ಬರೆದಿದ್ದರೆ ಕ್ಷಮೆ ಕೇಳುವುದು ಸುಲಭವಿತ್ತು. ಅವನು ಲೆಕ್ಕ ನೋಡಿ ಬರೆದಿದ್ದ.

ಎರಡು ಗಂಟೆಗೆ ದೊಡ್ಡ ಯಂತ್ರದ ಬಾಗಿಲು ಬಿಗಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಚಿಮಟಣ್ಣ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಇಷ್ಟು ವರ್ಷದಲ್ಲಿ ಅವನು ಈ ಕೋಣೆಗೆ ಬಂದದ್ದು ಬೆರಳೆಣಿಕೆಯಷ್ಟು ಸಲ.

"ಬಾ ಅಣ್ಣ, ಕೂತ್ಕೊ. ಬೆಳಿಗ್ಗೆ ಅದು," ಎಂದು ಮೇಸ್ತ್ರಿ ಶುರುಮಾಡಿದ.

"ಅದಿರ್ಲಿ ಬಿಡು. ನನ್ನ ದಂಡು ತೋರ್ಸು. ಎಲ್ಲರೂ ಬಂದು ನೋಡ್ಕೊಂಡ್ ಹೋಗ್ತಾರೆ, ನಾನೊಬ್ಬ ನೋಡೇ ಇಲ್ಲ."

ಮೇಸ್ತ್ರಿ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದ. ಚಿಮಟಣ್ಣ ಕುರ್ಚಿಯ ಅಂಚಿನಲ್ಲಿ ಕೂತು, ಕಣ್ಣು ಕಿರಿದು ಮಾಡಿ ನೋಡಿದ. ಹೊಳೆ, ಸೇತುವೆ, ಆಚೆ ದಡದಲ್ಲಿ ಬಿಳಿ ಬಟ್ಟೆಯ ಒಂದು ಚಿಕ್ಕ ಗುಂಪು, ಅದರ ಸುತ್ತ ಅರ್ಧಚಂದ್ರಾಕಾರದಲ್ಲಿ ನೀಲಿ. ಮೇಸ್ತ್ರಿ ಬೆರಳಿಟ್ಟು ತೋರಿಸಿದ. ಚಿಮಟಣ್ಣ ಎಷ್ಟು ಜನ ಎಂದು ಕೇಳಿದ. ಇನ್ನೂರರಲ್ಲಿ ಎಪ್ಪತ್ತು ಉಳಿದಿದ್ದಾರೆ. ನಿಂತು ಎಷ್ಟು ದಿನ ಆಯಿತು? ಎರಡು ಸರದಿ. ಊಟ? ಇಲ್ಲ. ಚಿಮಟಣ್ಣ ತಲೆದೂಗಿದ. ಪಕ್ಕದ ಮನೆಯವರ ಕಷ್ಟ ಕೇಳುವವನ ಹಾಗೆ ಸಾವಧಾನವಾಗಿ ಕೇಳುತ್ತಿದ್ದ.

"ಇನ್ನೂ ಸೇತುವೆ ಸುಟ್ಟಿಲ್ಲ ಅಣ್ಣ. ನಿನ್ನನ್ನ ವಾಪಸ್ ಕರ್ಕೋತೀನಿ, ಈಗ್ಲೇ," ಎಂದು ಮೇಸ್ತ್ರಿ ಕೈ ಮುಂದೆ ಮಾಡಿದ.

"ಕರ್ಕೊಂಡ್ರೆ?"

"ಅವರೂ ಹಿಂದೇನೇ ದಾಟ್ಬಿಡ್ತಾರೆ."

"ಸೋಲ್ತೀಯಾ?"

"ಹೆಚ್ಚುಕಮ್ಮಿ."

"ಮತ್ಯಾಕೆ ಆಟ ಕೆಡ್ಸ್ಕೋತೀಯ. ಸುಟ್ಟಾದ್ಮೇಲೆ ಅವರನ್ನ ಕರ್ಕೊಂಡ್ಬರೋಕೆ ಏನೂ ದಾರಿ ಇಲ್ವಾ?"

ಇಲ್ಲ ಎಂದುಬಿಡಬಹುದಿತ್ತು. ಚಿಮಟಣ್ಣನಿಗೆ ಆಟದ ಗಂಧಗಾಳಿ ಇರಲಿಲ್ಲ. ಆದರೆ ದೋಣಿಯ ಚಿತ್ರ ಪರದೆಯ ಕೆಳಗೆ ಕೂತೇ ಇತ್ತು, ಪಕ್ಕದಲ್ಲಿ ನಲವತ್ತು ಎಂದು ಬರೆದುಕೊಂಡು.

"ದೋಣಿ ಇದೆ. ನಲವತ್ತು ಮೂಟೆ ಆಗತ್ತೆ."

"ನಿನ್ನ ಹತ್ರ ಎಷ್ಟಿದೆ?"

ಹೇಳುವುದೇ ಬೇಕಿರಲಿಲ್ಲ. ಮೇಲಿನ ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ ಮುನ್ನೂರ ಹತ್ತು ಎಂದಿತ್ತು. ಯುದ್ಧ ಮುಗಿದಾಗ ಉಳಿದ ಒಂದೊಂದು ಮೂಟೆಗೆ ಒಂದೊಂದು ಅಂಕ. ಬಾಮೈದನ ಅಂಕ ಮೀರಬೇಕೆಂದು ಮೊದಲ ಸರದಿಯಿಂದ ಕೂಡಿಟ್ಟದ್ದು. ಚಿಮಟಣ್ಣನ ಕಣ್ಣು ಹೊಳೆಯಿಂದ ದೋಣಿಗೆ, ದೋಣಿಯಿಂದ ಆ ಮೂಲೆಗೆ ಹೋಯಿತು. ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ವಾರ್ಡಿನ ಬಟ್ಟೆಯ ಮೇಲೆ ಅಂಗೈ ಇಟ್ಟಾಗ, ಒಳಗೇನೋ ಇದೆ ಎಂದು ಗೊತ್ತಾದ ಕ್ಷಣದಲ್ಲಿ, ಅವನ ಮುಖ ಹೀಗೇ ಆಗುತ್ತಿತ್ತು. ಅದನ್ನು ಮೇಸ್ತ್ರಿ ಎಷ್ಟೋ ಸಲ ನೋಡಿದ್ದ.

ಎದ್ದು ನಿಂತು ಚಿಮಟಣ್ಣ ಅಂಗಿ ಎಳೆದುಕೊಂಡ. "ಚೆನ್ನಾಗ್ ಮಾಡಿದಾರೆ ಕಣೋ, ನೀರು ಹರಿಯೋದೂ ಕಾಣತ್ತೆ," ಎಂದ. ಬಾಗಿಲ ಹತ್ತಿರ ಹೋದವನು ತಿರುಗಿದ. "ಆ ಕಾಗದ ನಾನೇ ತೆಗೀಬೇಕಿತ್ತು ಅಂದ್ಕೊಂಡಿರ್ತೀಯ. ಬೋರ್ಡು ನಿಂದು ತಮ್ಮಾ. ನಿನ್ನ ಪಟ್ಟೀನ ನಾನು ಯಾವತ್ತು ಮುಟ್ಟಿದೀನಿ?"

ಅವತ್ತು ಸಂಜೆ ಮನೆಯಲ್ಲಿ ಮೇಸ್ತ್ರಿ ಸಪ್ಪಗೆ ಕೂತದ್ದನ್ನು ನೋಡಿ ಹೆಂಡತಿ ಆಟದಲ್ಲಿ ಸೋತಿರಾ ಎಂದು ಕೇಳಿದಳು. ಇಲ್ಲ, ಗೆಲ್ಲುತ್ತಿದ್ದೇನೆ ಎಂದ. ಊಟಕ್ಕೆ ಮುಂಚೆ ಒಂದು ಬಿಳಿ ಹಾಳೆ ತೆಗೆದುಕೊಂಡು ಮೇಡಂ ಹೇಳಿದ ಪುಟ ಬರೆಯಲು ಕೂತ. ಕೈ ತನ್ನಷ್ಟಕ್ಕೆ ನಾಲ್ಕು ಕಾಲಂ ಗೆರೆ ಎಳೆಯಿತು. ಯಾರು: ಬರೆದ. ಎಲ್ಲಿ: ಬಟ್ಟೆ ಕೊಡುವ ಕೌಂಟರ್, ಅರ್ಧ ದಿನ. ಏನು ಕೆಲಸ: ಅದನ್ನೂ ಬರೆದ. ಷರಾ ಎಂಬಲ್ಲಿಗೆ ಬಂದಾಗ ಬೆಳಿಗ್ಗೆಯ ಷರಾ ನೆನಪಾಯಿತು. ಈ ಕೈಯಿಂದ ಇನ್ನು ಏನು ಬರೆದರೂ ಆ ಸಾಲಿಗೆ ಹಚ್ಚಿದ ತೇಪೆಯಾಗುತ್ತದೆ ಅನ್ನಿಸಿತು. ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡ. ನಾಚಿಕೆಯೂ ಒಂದು ನೆಪ ಆಗಬಲ್ಲದು ಎಂಬುದು ಅವನಿಗೆ ಆಗ ಹೊಳೆಯಲಿಲ್ಲ.

ಬುಧವಾರ ಬೆಳಿಗ್ಗೆ ಮೇಸ್ತ್ರಿಯ ಮೇಜಿನ ಮೇಲೆ, ಬೀಗದ ಕೆಳಗೆ, ಒಂದು ಕಾಗದವಿತ್ತು. ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ, ಒಪ್ಪಿಸಿಕೊಳ್ಳಬೇಕು ಎಂದು ಮೂರೇ ಸಾಲು, ಕೆಳಗೆ ಚಿಮಟಣ್ಣನ ಸಹಿ. ಕಾರಣ ಬರೆದಿರಲಿಲ್ಲ. ಗಾಜಿನಾಚೆ ಅವನು ಹೊಸಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವನ ಅಂಗೈಯನ್ನು ತನ್ನ ಅಂಗೈಯಿಂದ ಬಟ್ಟೆಯ ಮೇಲೆ ಒತ್ತಿ ಹಿಡಿದು ಏನೋ ಹೇಳಿಕೊಡುತ್ತಿದ್ದ.

ಕಾಗದ ಓದಿದ ಮೇಸ್ತ್ರಿಗೆ ಮೊದಲು ಆದದ್ದು ಹಗುರ. ಹೆಸರು ಕೊಡುವ ಕಷ್ಟ ತಪ್ಪಿತು, ಪುಟ ಬರೆಯುವ ಕಷ್ಟ ತಪ್ಪಿತು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿ ಒಂದು ಉಸಿರು ನೀಳವಾಗಿ ಹೊರಬಂತು. ಆ ಉಸಿರು ಬಂದದ್ದನ್ನು ತಾನೇ ಕೇಳಿಸಿಕೊಂಡ. ಬೋರ್ಡಿನ ಮುಂದೆ ಆದದ್ದಕ್ಕಿಂತ ಹೆಚ್ಚಿನ ನಾಚಿಕೆ ಅವನಿಗೆ ಆದದ್ದು ಆಗ, ನೋಡುವವರು ಯಾರೂ ಇಲ್ಲದಿದ್ದಾಗ.

ಎರಡು ದಿನ ಕಾಗದವನ್ನು ಡ್ರಾಯರಿನಲ್ಲಿಟ್ಟ. ಹೊರಗೆ ಹೋಗಿ, ಅಣ್ಣ ಇದನ್ನು ಹರಿದು ಹಾಕುತ್ತೇನೆ, ಕೌಂಟರಿನಲ್ಲಿ ಅರ್ಧ ದಿನದ ಕೆಲಸ ಇದೆ, ಬರುತ್ತೀಯಾ ಎಂದು ಕೇಳಲು ಇಪ್ಪತ್ತು ಹೆಜ್ಜೆ ನಡೆದರೆ ಸಾಕಿತ್ತು. ಒಮ್ಮೆ ಹತ್ತು ಹೆಜ್ಜೆ ನಡೆದ. ಇಸ್ತ್ರಿ ಅಕ್ಕ ಕತ್ತೆತ್ತಿ ನೋಡಿದಳು. ನೀರಿನ ನಲ್ಲಿ ಸರಿಯಾಗಿ ನಿಂತಿದೆಯಾ ಎಂದು ತಿರುವಿ ನೋಡಿ ವಾಪಸ್ ಬಂದ.

ಶುಕ್ರವಾರ ಕಾಗದವನ್ನು ಮೇಡಂ ಮುಂದೆ ಇಟ್ಟ. ಅವರು ಓದಿ, ಕನ್ನಡಕದ ಮೇಲಿನಿಂದ ನೋಡಿದರು.

"ನೀವು ಒಂದು ಪುಟ ಬರ್ಕೊಂಡು ಬರ್ತೀರಿ ಅಂದ್ಕೊಂಡಿದ್ದೆ. ಕೌಂಟರ್ ಕೆಲಸದ ಬಗ್ಗೆ ಅವರಿಗೆ ಹೇಳಿದ್ರಾ?"

"ಹೇಳ್ದೆ ಮೇಡಂ. ಅವರೇ ಬೇಡ ಅಂದ್ರು."

ಸರದಿ ಮುಗಿಯಿತು ಎಂದು ಗುಂಡಿ ಒತ್ತಿದಷ್ಟೇ ಸುಲಭವಾಗಿ ಆ ಮಾತು ಹೊರಟುಹೋಯಿತು. ಮೇಡಂ ಸಹಿ ಹಾಕಿದರು. ಜೇಬಿನಲ್ಲಿ ನಾಲ್ಕು ಕಾಲಮಿನ ಹಾಳೆ ಇನ್ನೂ ಮಡಿಸಿದ ಹಾಗೇ ಇತ್ತು.

ಅವತ್ತು ಮಧ್ಯಾಹ್ನ ಮೇಸ್ತ್ರಿ ಸೇತುವೆ ಸುಟ್ಟ. ದೋಣಿ ಕಳಿಸಬೇಕೆಂದು ಬೆರಳು ಆ ಚಿತ್ರದ ಮೇಲೆ ಹೋಗಿ ನಿಂತಿತು, ಸುಳ್ಳಲ್ಲ. ಹೊರಗಿನ ಚಿಮಟಣ್ಣನಿಗೆ ಕಳಿಸದ ದೋಣಿಯನ್ನು ಒಳಗಿನವನಿಗೆ ಕಳಿಸಿ ತನ್ನ ಮನಸ್ಸನ್ನು ತೊಳೆದುಕೊಳ್ಳುವುದು ಇನ್ನೂ ಹೇಸಿಗೆ ಅನ್ನಿಸಿತು. ಹಾಗೆಂದು ಅವನು ಅಂದುಕೊಂಡ. ನಲವತ್ತು ಮೂಟೆಯೂ ಉಳಿಯಿತೆನ್ನಿ. ಆಚೆ ದಡದ ದಂಡು ಇನ್ನೂ ನಾಲ್ಕು ಸರದಿ ನಿಂತಿತು. ಬಟ್ಟೆ ಬದಲಿಸಲಿಲ್ಲ. ಇಪ್ಪತ್ತೊಂಬತ್ತನೇ ಸರದಿಯಲ್ಲಿ ಗಾಲಿಯ ಕುದುರೆಗಳು ರಾಜಧಾನಿಯ ಬಾಗಿಲು ದಾಟಿದವು. ತುತ್ತೂರಿ ಊದಿತು. ಗಾಜಿಗೆ ಮೂಗು ಒತ್ತಿ ನೋಡಲು ಅಲ್ಲಿ ಯಾರೂ ಇರಲಿಲ್ಲ. ಬಾಮೈದ ಫೋನಿನಲ್ಲಿ, ಭಾವ, ನೀವು ಬಿಡಿ, ಕಲ್ಲು ಹೃದಯ ಇರಬೇಕು ಈ ಆಟಕ್ಕೆ ಎಂದು ಮೆಚ್ಚಿಕೊಂಡ.

ಚಿಮಟಣ್ಣ ಹೋದ ದಿನ ಸಣ್ಣದಾಗಿ ಚಹಾ ಕುಡಿದರು. ಅವನು ಎಲ್ಲರ ಜೊತೆ ನಗುನಗುತ್ತ ಮಾತಾಡಿದ. ಹಲ್ಲಿನ ಡಬ್ಬಿಯನ್ನು ಇಸ್ತ್ರಿ ಅಕ್ಕನಿಗೆ ಒಪ್ಪಿಸಿ, ಮುಂದೆ ಬೇಕಾಗುತ್ತದೆ ಇಟ್ಟುಕೋ ಎಂದು ಅವಳಿಂದ ಬೆನ್ನಿಗೆ ಒಂದು ಗುದ್ದು ತಿಂದ. ಮೇಸ್ತ್ರಿಯ ಕೈ ಹಿಡಿದು ಬರುತ್ತೇನೆ ಎಂದ. ಮೇಸ್ತ್ರಿ ತಲೆ ತಗ್ಗಿಸಿದ್ದ. ಅಂಗೈ ಮಾತ್ರ ಗೊತ್ತಾಯಿತು, ಒರಟಾಗಿತ್ತು, ಚಪ್ಪಟೆಯಾಗಿತ್ತು.

ಹೊಸ ಯಂತ್ರ ಬಂದು ಈಗ ನಾಲ್ಕು ತಿಂಗಳು. ಕತ್ತರಿ, ಸೂಜಿ ಸಿಕ್ಕರೆ ಕೂಗುತ್ತದೆ. ಗಾಜು, ಪ್ಲಾಸ್ಟಿಕ್ಕು ಅದಕ್ಕೆ ತಿಳಿಯುವುದಿಲ್ಲ. ಇಲ್ಲಿಯವರೆಗೆ ಮೂರು ಹಲ್ಲಿನ ಸೆಟ್ಟು ಒಗೆದು ಚೂರಾಗಿವೆ. ಒಮ್ಮೆ ಔಷಧದ ಬುಡ್ಡಿಯೊಂದು ಒಗೆಯುವ ಯಂತ್ರದಲ್ಲಿ ಒಡೆದು, ಗಾಜಿನ ಪುಡಿ ಅಂಟಿದ ಹಾಸುಬಟ್ಟೆ ಮಕ್ಕಳ ವಾರ್ಡಿನ ತನಕ ಹೋಯಿತು. ನರ್ಸು ನೋಡಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಹೊಸಬ ಒಂದು ತಿಂಗಳು ಅಂಗೈ ಚಪ್ಪಟೆ ಇಟ್ಟು ನೋಡುತ್ತಿದ್ದ, ಈಗ ಯಂತ್ರ ಇದೆಯಲ್ಲ ಎಂದು ಬಿಟ್ಟಿದ್ದಾನೆ. ಮೇಸ್ತ್ರಿ ಆಟ ಆಡುವುದಿಲ್ಲ. ಯಂತ್ರ ತಿರುಗುವ ನಲವತ್ತು ನಿಮಿಷ ವಿಂಗಡಣೆಯ ಮೇಜಿಗೆ ಹೋಗಿ ನಿಲ್ಲುತ್ತಾನೆ. ಕೈಗೆ ಅಭ್ಯಾಸ ತಪ್ಪಿದೆ. ಎರಡು ಸಲ ಚುಚ್ಚಿಸಿಕೊಂಡಿದ್ದಾನೆ.

ಬಾಮೈದನಿಗಿಂತ ಮೇಸ್ತ್ರಿಗೆ ಹೆಚ್ಚು ಬಂದದ್ದು ಹನ್ನೊಂದು ಅಂಕ. ದೋಣಿ ಕಳಿಸಿದ್ದರೆ ಇಪ್ಪತ್ತೊಂಬತ್ತರಿಂದ ಸೋಲುತ್ತಿದ್ದ. ಈಗ ಬೆಳಿಗ್ಗೆ ಲಾಂಡ್ರಿಯ ದೀಪವನ್ನು ಯಾರು ಮೊದಲು ಬರುತ್ತಾರೋ ಅವರು ಹಾಕುತ್ತಾರೆ. ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಾರೆ. ತಮ್ಮಾ ಎಂದು ಕರೆಯುವವರು ಅಲ್ಲಿ ಯಾರೂ ಇಲ್ಲ.